ಮರಸು: ಮರದಿಂದಲೋ, ಮರೆಯಿಂದಲೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳುವುದಿದೆ. ಅದಕ್ಕೆ ಮೊದಲು ಅದು ನನ್ನ ಕಿವಿಗೆ ಬಿದ್ದ ಕತೆ ಹೇಳಿಬಿಡ್ತೀನಿ.

ಮೇ ತಿಂಗಳಲ್ಲಿ ಕೊಪ್ಪದ ಹತ್ತಿರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಬಸರಿ ಮರ ಹಣ್ಣು ಬಿಟ್ಟಿದೆ ಅಂತ ಗೊತ್ತಾಯಿತು. ಬಸರಿ ಹಣ್ಣಾದರೆ ಹಕ್ಕಿಗಳಿಗೆ ಹಬ್ಬ. ಬೆಳಗಿನ ಐದೂವರೆಗೆ ಕ್ಯಾಮೆರಾ, ನೀರಿನ ಬಾಟಲಿ, ಎರಡು ಕಡುಬು ಚೀಲಕ್ಕೆ ತುರುಕಿಕೊಂಡು ಒಬ್ಬನೇ ಹೊರಟೆ. ಹಳ್ಳ ದಾಟುವಾಗ ಇನ್ನೂ ಮಬ್ಬು. ಸಿಳ್ಳಾರ ಹಕ್ಕಿ ಆಗಲೇ ಶುರು ಮಾಡಿತ್ತು. ಅದರ ದನಿ ಗೊತ್ತಿಲ್ಲದವರು ಯಾರೋ ಹುಡುಗ ಕೆಲಸವಿಲ್ಲದೆ ಸುಮ್ನೆ ಸಿಳ್ಳೆ ಹಾಕುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಮರ ಇರುವುದು ಇಳಿಜಾರಿನಲ್ಲಿ. ಹಾಗಾಗಿ ಸ್ವಲ್ಪ ಮೇಲೆ ಹತ್ತಿ ಕೂತರೆ ಅದರ ನೆತ್ತಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಒಂದು ಪೊದೆಗೆ ಹಸಿರು ಬಟ್ಟೆ ಬಿಗಿದು, ಅದರಲ್ಲಿ ಲೆನ್ಸ್ ತೂರುವಷ್ಟು ಕಿಂಡಿ ಬಿಟ್ಟು, ಹಿಂದೆ ಕೂತೆ. ಮೊದಲು ಪಿಕಳಾರಗಳು ಬಂದವು, ಆಮೇಲೆ ಕುಟ್ರುಹಕ್ಕಿ. ಏಳೂವರೆ ಹೊತ್ತಿಗೆ ಮಂಗಟ್ಟೆಯ (ಹಾರ್ನ್‌ಬಿಲ್) ನಗು ಕೇಳಿಸಿತು. ಹೌದು, ನಗುವೇ. ಯಾರೋ ಮುದುಕ ಕೆಮ್ಮುತ್ತಾ ಕೆಮ್ಮುತ್ತಾ ನಕ್ಕ ಹಾಗೆ. ನಾನು ಆತುರಕ್ಕೆ ಬಟ್ಟೆ ಸರಿಸಿದೆ, ಅದು ಹಾರಿಹೋಯಿತು. ಇನ್ನೊಂದು ಬರುವವರೆಗೆ ಒಂದೂವರೆ ಗಂಟೆ ಕಾಲು ಜೋಮು ಹಿಡಿಸಿಕೊಂಡು ಕೂತಿದ್ದೆ. ಈ ಸಲ ಕೈ ಕೂಡ ಆಡಿಸಲಿಲ್ಲ. ಅದು ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ತಲೆ ಎತ್ತಿ ಮೇಲಕ್ಕೆ ಚಿಮ್ಮಿ, ಬಾಯಿಗೆ ಬೀಳಿಸಿಕೊಂಡಿತು. ಮಂಗಟ್ಟೆಯ ನಾಲಗೆ ಗಿಡ್ಡ, ಕೊಕ್ಕಿನ ತುದಿಯವರೆಗೆ ಚಾಚುವುದಿಲ್ಲ. ಹಾಗಾಗಿ ಅದಕ್ಕೆ ತುತ್ತನ್ನು ಎಸೆದೇ ನುಂಗಬೇಕು. ಹಣ್ಣು ಗಾಳಿಯಲ್ಲಿದ್ದಾಗಿನ ಫೋಟೋ ಒಂದೇ ಒಂದು ಸಿಕ್ಕಿತು. ಅದೂ ಸ್ವಲ್ಪ ಮಸುಕು.

ಹನ್ನೊಂದೂವರೆಗೆ ಮನೆಗೆ ಬಂದರೆ ಜಗಲಿಯಲ್ಲಿ ದೊಡ್ಡಪ್ಪ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನನ್ನ ಅಂಗಿಗೆ ಅಂಟಿದ್ದ ತರಗೆಲೆ ನೋಡಿ ಕೇಳಿದರು: "ಎಲ್ಲಿ ಮರಸು ಕೂತಿದ್ದೆ ಮಾರಾಯ?"

ನಾನು ಇಷ್ಟು ವರ್ಷ 'ಹೈಡ್' ಅನ್ನುತ್ತಿದ್ದ ಸಂಗತಿಗೆ ನಮ್ಮ ಮನೆಯ ಜಗಲಿಯಲ್ಲೇ ಒಂದು ಪದ ಇತ್ತು! ಮಲೆನಾಡಿನ ಶಿಕಾರಿಯವರ ಮಾತು ಅದು. ಪ್ರಾಣಿ ಬರುವ ಹಣ್ಣಿನ ಮರದ ಹತ್ತಿರವೋ ನೀರಿನ ಹತ್ತಿರವೋ ಕೋವಿ ಹಿಡಿದು ಅಡಗಿ ಕೂರುವುದು ಮರಸು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಕಾನೂನಿಗೆ ವಿರುದ್ಧವಾಯಿತು. ಆ ಕಸುಬಿನ ಪದಗಳೂ ಹಳಬರ ಬಾಯಲ್ಲಷ್ಟೇ ಉಳಿದವು.

ಈಗ ನನ್ನ ಮೊದಲ ಪ್ರಶ್ನೆ. ಇದು ಮರದಿಂದ ಬಂದದ್ದೋ, ಮರೆಯಿಂದ ಬಂದದ್ದೋ? ಮರದ ಮೇಲೆ ಅಟ್ಟಣೆ ಕಟ್ಟಿ ಕೂರುತ್ತಿದ್ದರಲ್ಲ, ಅದಕ್ಕೇ ಮರಸು ಅನ್ನುತ್ತಾರೆ ನನ್ನ ಚಿಕ್ಕಪ್ಪ. ನನಗೆ ಒಪ್ಪಿಗೆಯಾಗುವುದಿಲ್ಲ. ದೊಡ್ಡಪ್ಪ ಹೇಳುವ ಪ್ರಕಾರ ನೆಲದ ಮೇಲೆ ಸೊಪ್ಪು ಅಡ್ಡ ಇಟ್ಟುಕೊಂಡು ಕೂತರೂ ಮರಸೇ. ಹಳಗನ್ನಡದಲ್ಲಾದರೆ 'ಮರ'ಕ್ಕೆ ಮಾಮೂಲಿ ರ, 'ಮಱೆ'ಗೆ ಈಗ ಬಳಕೆಯಿಂದ ಬಿಟ್ಟುಹೋದ ಇನ್ನೊಂದು ರ, ಅಂದರೆ ಱ. ತಮಿಳಿನಲ್ಲಿ ಇವತ್ತಿಗೂ ಮರಂ ಬೇರೆ, ಮಱೈ ಬೇರೆ. ನಮ್ಮಲ್ಲಿ ಎರಡು ಅಕ್ಷರವೂ ಒಂದಾಗಿ ಈ ಗೊಂದಲ ಹುಟ್ಟಿದೆ. 'ಮರೆಸು' ಎಂಬುದೇ ಬಾಯಲ್ಲಿ ಸವೆದು ಮರಸು ಆಗಿದೆ ಅಂತ ನನ್ನ ಅನಿಸಿಕೆ. ಱ ಹಾಕಿ ಬರೆದ ಹಳೆಯ ಬಳಕೆ ಯಾರಿಗಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು ಬಳಕೆಯದು. ದೊಡ್ಡಪ್ಪ 'ಮರಸು ಕೂರು' ಅನ್ನುತ್ತಾರೆ, 'ಮರಸು ಕಟ್ಟು' ಅಂತಲೂ ಅನ್ನುತ್ತಾರೆ. ಮೊದಲನೆಯದರಲ್ಲಿ ಅದು ಕೆಲಸ, ಎರಡನೆಯದರಲ್ಲಿ ಜಾಗ. ನಿಮ್ಮ ಕಡೆ ಎರಡೂ ಇದೆಯಾ?

ಹಕ್ಕಿ ಫೋಟೋದವರಿಗೆ ಈ ಪದ ಒಗ್ಗುತ್ತದೆ ಅಂತ ನನಗೆ ಅನ್ನಿಸುತ್ತದೆ. 'ಅಡಗುತಾಣ' ಅಂದರೆ ಪೊಲೀಸರು ಮುತ್ತಿಗೆ ಹಾಕಿದ ಹಾಗೆ ಕೇಳಿಸುತ್ತದೆ. 'ಹೊಂಚು' ಅಂದರೆ ಏನೋ ಕೇಡು ಬಗೆಯುತ್ತಿದ್ದೀವಿ ಅನ್ನಿಸುತ್ತದೆ. ಮಾಳ, ಮಂಚಿಕೆ ಇವೆ, ಆದರೆ ಅವು ಗದ್ದೆ ಹೊಲ ಕಾಯುವವರದು. ಅಲ್ಲಿ ಕೂತವನು ಕೂಗು ಹಾಕಿ ಹಂದಿಯನ್ನೋ ಹಕ್ಕಿಯನ್ನೋ ಓಡಿಸಬೇಕು. ಮರಸಿನಲ್ಲಿ ಕೂತವನು ಉಸಿರು ಬಿಗಿಹಿಡಿದು ಬರಲಿ ಅಂತ ಕಾಯಬೇಕು. ಪೂರಾ ಉಲ್ಟಾ, ಅಲ್ವಾ?

ಒಂದು ಅಳುಕೂ ಇದೆ. ಕೊಲ್ಲುವವರ ಪದವನ್ನು ನಾವು ತಗೊಳ್ಳಬೇಕಾ? ಆದರೆ ನಾವು ಈಗಲೂ 'ಫೋಟೋ ಹೊಡೆದೆ' ಅಂತಲೇ ಹೇಳೋದು. ಪತ್ರಿಕೆಯವರು 'ಸೆರೆಹಿಡಿದರು' ಅಂತ ಬರೆಯುತ್ತಾರೆ. ಇನ್ನು ಹಾರುವ ಫೋಟೋ ಬೇಕು ಅಂತ ಕೂತ ಹಕ್ಕಿಗೆ ಕಲ್ಲು ಬೀರುವವರನ್ನು ನಾನೇ ನೋಡಿದ್ದೀನಿ. ಹಳು ನುಗ್ಗಿ ಪ್ರಾಣಿ ಎಬ್ಬಿಸುವುದಕ್ಕೆ ಶಿಕಾರಿಯವರು 'ಸೋವು' ಅನ್ನುತ್ತಿದ್ದರು. ಆ ಪದ ಇವರಿಗೆ ಸರಿಯಾಗಿ ಒಪ್ಪುತ್ತದೆ. ಅದನ್ನು ಅವರೇ ಇಟ್ಟುಕೊಳ್ಳಲಿ, ನನಗೆ ಮರಸು ಸಾಕು.

ಕೊಡಗು, ಸುಳ್ಯ, ಶಿರಸಿ ಕಡೆಯವರು ಇದಕ್ಕೆ ಏನು ಅನ್ನುತ್ತೀರಿ? ಬಯಲುಸೀಮೆಯಲ್ಲಿ ಕೆರೆ ಅಂಚಿನಲ್ಲಿ ಅಡಗಿ ಕೂರುವುದಕ್ಕೆ ಬೇರೆ ಮಾತು ಇದೆಯಾ? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಅವರು ಹೇಳಿದ ವಾಕ್ಯವನ್ನು ಹಾಗೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.