ಕೊತ್ತಂಬರಿ ಸೊಪ್ಪಿನ ಪಿಎಚ್‌ಡಿ

ಸೀನ ಕ್ಯಾಂಟೀನ್ ಮೇಜಿನ ಮೇಲೆ ಎರಡು ಕಟ್ಟು ಕೊತ್ತಂಬರಿ ಸೊಪ್ಪು ಇಟ್ಟ. ಬಸು ಕಣ್ಣರಳಿಸಿದ.

"ಚಟ್ನಿ ಮಾಡಾಕ ತಂದೀಯೇನಲೇ?"

"ಚಟ್ನಿ ಅಲ್ಲ ಮಾರಾಯ, ಚಾಪ್ಟರ್. ಮೂರನೇ ಚಾಪ್ಟರ್. ಕಾರ್ಬನ್ ಡಾಟ್ಸ್, ಯುವಿ ಬೆಳಕಲ್ಲಿ ಹೊಳೆಯೋ ಇಂಗಾಲದ ನ್ಯಾನೋ ಕಣ."

ಶಾಮಣ್ಣ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. "ಹೋದ ವರ್ಷ ಕರಿಬೇವು. ಅದರ ಹಿಂದಿನ ವರ್ಷ ನಿಂಬೆ ಸಿಪ್ಪೆ. ನಮ್ಮ ಡಿಪಾರ್ಟ್‌ಮೆಂಟಿನ ಥೀಸಿಸ್‌ಗಳನ್ನೆಲ್ಲ ಒಟ್ಟಿಗೆ ಕುದಿಸಿದ್ರೆ ಸಾರಾಗುತ್ತೆ. ಬೇಳೆ ಒಂದು ಬಾಕಿ."

"ಬೇಳೆ ನನ್ನ ಜೂನಿಯರ್ ತಗೊಂಡಿದಾನೆ," ಅಂದ ಸೀನ, ಗಂಭೀರವಾಗಿಯೇ.

"ತಗೊಳ್ಲಿ ಬಿಡು. ಇಲ್ಲಿ ಎಲ್ಲರೂ ಅವರವರ ಬೇಳೆ ಬೇಯಿಸ್ಕೊಳ್ಳೋರೇ."

"ರೆಸಿಪಿ ಹೇಳು, ಕೇಳೋಣ," ಅಂದಳು ಗಿರಿಜಾ.

ಸೀನ ಬೆರಳು ಮಡಚಿದ. "ತೊಳೆದು ಹೆಚ್ಚಿದ ಸೊಪ್ಪು 5 ಗ್ರಾಂ, ಡಿಸ್ಟಿಲ್ಡ್ ವಾಟರ್ 40 ಎಂಎಲ್. ಟೆಫ್ಲಾನ್ ಲೈನರ್ ಇರೋ ಸ್ಟೀಲ್ ಆಟೋಕ್ಲೇವಿಗೆ ಹಾಕು. ಲೈನರ್ ಕಂಠಮಟ್ಟ ತುಂಬಬಾರದು, ಮುಕ್ಕಾಲಿಗೆ ನಿಲ್ಲಿಸು. ಓವನ್ 180 ಡಿಗ್ರಿ, 6 ಗಂಟೆ. ತಾನಾಗಿ ತಣ್ಣಗಾಗೋವರೆಗೆ ಮುಚ್ಚಳ ಮುಟ್ಟಬೇಡ. ಆಮೇಲೆ 10,000 ಆರ್‌ಪಿಎಂನಲ್ಲಿ ಸೆಂಟ್ರಿಫ್ಯೂಜ್, 0.22 ಮೈಕ್ರಾನ್ ಫಿಲ್ಟರ್. 365 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಹಿಡಿ, ನೀಲಿ! ಎಷ್ಟು ಚೆಂದ ಗೊತ್ತಾ?"

"ಐದೇ ಗ್ರಾಂ?" ಬಸು ಕಟ್ಟುಗಳ ಕಡೆ ನೋಡಿದ. "ಉಳಿದಿದ್ದು?"

"ಡಯಾಲಿಸಿಸ್ ಮಾಡಿದ್ಯಾ?" ಅಂತ ಶಾಮಣ್ಣ ಅಡ್ಡ ಬಂದ.

"ಬ್ಯಾಗ್ ಖಾಲಿ. ಇಂಡೆಂಟ್ ಹಾಕಿದೀವಿ."

"ಹಾಗಾದ್ರೆ ಹೊಳೀತಿರೋದು ಡಾಟೋ, ಸೊಪ್ಪು ಕುದ್ದಾಗ ಹುಟ್ಟಿದ ಯಾವುದೋ ಸಣ್ಣ ಅಣುವೋ? ಸಣ್ಣ ಅಣುಗಳನ್ನಷ್ಟೇ ಹೊರಗೆ ಬಿಡೋ 1 ಕಿಲೋಡಾಲ್ಟನ್ ಚೀಲದಲ್ಲಿ ಕಟ್ಟಿ, ನೀರು ಬದಲಾಯಿಸ್ತಾ ಒಂದು ದಿನ ಇಡು. ಚೆಲ್ಲೋ ನೀರನ್ನೂ ಯುವಿ ಕೆಳಗೆ ಹಿಡಿದು ನೋಡು. ಹೊಳಪೆಲ್ಲ ಹೊರಗಿನ ನೀರಲ್ಲೇ ಇದ್ರೆ ನಿನ್ನ ಮೂರನೇ ಚಾಪ್ಟರ್ ಸಿಂಕಿಗೆ ಹೋಯ್ತು ಅಂತ ತಿಳ್ಕೋ."

ಸೀನನಿಗೆ ಸಿಟ್ಟು ಬಂತು. "ಇಂಟ್ರಡಕ್ಷನ್ ಓದಿ ಶಾಮಣ್ಣ. ಕ್ವಾಂಟಮ್ ಡಾಟ್‌ಗೆ 2023ರಲ್ಲಿ ನೊಬೆಲ್ ಬಂದಿದೆ!"

"ಬಂದಿದ್ದು ಸೆಮಿಕಂಡಕ್ಟರ್ ಡಾಟ್‌ಗಪ್ಪಾ, ಸೊಪ್ಪಿಗಲ್ಲ. ನಿನ್ನ ಕಾರ್ಬನ್ ಡಾಟ್ 2004ರಲ್ಲಿ ನ್ಯಾನೋಟ್ಯೂಬ್ ತೊಳೆಯೋವಾಗ ಕಸದ ಜೊತೆ ಸಿಕ್ಕ ಮಾಲು. ಪಕ್ಕದ ಮನೆ ಹುಡುಗ ಫಸ್ಟ್ ರ‍್ಯಾಂಕ್ ಬಂದ ಅಂತ ನಾವು ಪೇಡಾ ಹಂಚಿದ ಹಾಗಾಯ್ತು."

"ಅದ್ಸರಿ, ಇದರಲ್ಲಿ ಏನನ್ನ ಡಿಟೆಕ್ಟ್ ಮಾಡ್ತೀಯ?" ಗಿರಿಜಾ ಕೇಳಿದಳು.

"ಕಬ್ಬಿಣ. ಫೆರಿಕ್ ಅಯಾನ್."

ಮೂವರೂ ಒಟ್ಟಿಗೆ ನಕ್ಕರು. ಸೊಪ್ಪು ಯಾವುದೇ ಇರಲಿ, ಕೊನೆಗೆ ಸಿಗುವುದು ಕಬ್ಬಿಣವೇ. ಸೊಪ್ಪಿನಲ್ಲಿ ಕಬ್ಬಿಣ ಇದೆ ಅಂತ ಅಜ್ಜಿಯರು ಮೊದಲೇ ಹೇಳಿದ್ದರು, ಯುವಿ ದೀಪ ಇರಲಿಲ್ಲ ಅಷ್ಟೆ.

"ಕಬ್ಬಿಣ ಹಾಕಿದ ತಕ್ಷಣ ಹೊಳಪು ಆರುತ್ತೆ, ಕಣ್ಣಾರೆ ನೋಡಿದೀನಿ," ಅಂದ ಸೀನ.

"ಆರದೆ ಇನ್ನೇನು? ನೀನು 350 ನ್ಯಾನೋಮೀಟರ್ ಆಸುಪಾಸಲ್ಲಿ ಎಕ್ಸೈಟ್ ಮಾಡ್ತೀಯ. ಫೆರಿಕ್ ಅಯಾನೂ ಅಲ್ಲೇ ಬೆಳಕು ಕುಡಿಯುತ್ತೆ. ಬಲ್ಬಿಗೆ ಕೊಡೆ ಹಿಡಿದು, ಬಲ್ಬ್ ಕೆಟ್ಟಿದೆ ಅಂದ ಹಾಗೆ. ಇನ್ನರ್ ಫಿಲ್ಟರ್ ಎಫೆಕ್ಟ್. ಒಂದೊಂದು ಸೇರಿಕೆಗೂ ಅಬ್ಸಾರ್ಬೆನ್ಸ್ ತೆಗಿ, ಎಕ್ಸೈಟೇಶನ್ನಿನದೂ ಎಮಿಶನ್ನಿನದೂ. ಎರಡೂ ಕೂಡಿ ಅರ್ಧ ಮಾಡು, ಹತ್ತನ್ನ ಅಷ್ಟು ಘಾತಕ್ಕೇರಿಸಿ ಇಂಟೆನ್ಸಿಟಿಗೆ ಗುಣಿಸು. ತಿದ್ದಿದ ಮೇಲೆ, ಕಬ್ಬಿಣ ಏರಿದಷ್ಟೂ ಹೊಳಪು ಎಷ್ಟು ಆರ್ತು ಅಂತ ತೋರಿಸೋ ನಿನ್ನ ಸ್ಟರ್ನ್-ವೋಲ್ಮರ್ ಗೆರೆ ಮಲಗಿಬಿಟ್ರೆ ನನ್ನನ್ನ ಬೈಬೇಡ," ಅಂದ ಶಾಮಣ್ಣ.

"ಪಿಎಚ್ ಎಷ್ಟಿಟ್ಟಿದ್ದೆ?" ಗಿರಿಜಾ ಬಿಡಲಿಲ್ಲ.

"7. ನಲ್ಲಿ ನೀರಲ್ವಾ?"

"ಪಿಎಚ್ 7ರಲ್ಲಿ ಫೆರಿಕ್ ಹೈಡ್ರಾಕ್ಸೈಡ್ ಆಗಿ ತಳ ಹಿಡಿಯುತ್ತಲ್ಲೋ! ಕ್ಯುವೆಟ್ ಮಸುಕಾಗಿದ್ದು ಕಾಣ್ಲಿಲ್ವಾ?"

ಸೀನ ಕಾಫಿಗೆ ಸಕ್ಕರೆ ಹಾಕಿಕೊಂಡ. ಆಗಲೇ ಎರಡು ಸಲ ಹಾಕಿದ್ದ. "ಆದ್ರೆ ಡಿಟೆಕ್ಷನ್ ಲಿಮಿಟ್ 8 ನ್ಯಾನೋಮೋಲಾರ್ ಬಂದಿದೆ, ಅಷ್ಟು ಕಮ್ಮಿ ಕಬ್ಬಿಣವೂ ಗೊತ್ತಾಗುತ್ತೆ," ಅಂದ ಮೆಲ್ಲಗೆ.

"ಕಬ್ಬಿಣ ಹಾಕದ ಬ್ಲ್ಯಾಂಕ್ ಹೇಗೆ ತೆಗ್ದೆ?" ಅಂದ ಶಾಮಣ್ಣ.

"ಹತ್ತು ಸಲ ಓದಿಸಿದೆ. ಮೂರು ಸಿಗ್ಮಾ ಬೈ ಸ್ಲೋಪ್, ಅಂದ್ರೆ ಆ ಓದುಗಳ ಏರುಪೇರಿನ ಮೂರು ಪಟ್ಟನ್ನ ಗೆರೆಯ ಇಳಿಜಾರಿಂದ ಭಾಗಿಸಿದೆ."

"ಒಂದೇ ಕ್ಯುವೆಟ್, ಕದಲಿಸದೆ?"

"ಮತ್ತೆ?"

"ಅದು ದೀಪ ಎಷ್ಟು ನಡುಗುತ್ತೆ ಅನ್ನೋ ಲೆಕ್ಕ ಆಯ್ತು. ನಿನ್ನ ಕೈ ಎಷ್ಟು ನಡುಗುತ್ತೆ ಅನ್ನೋದು ಬೇಡ್ವಾ? ಹತ್ತು ಬ್ಲ್ಯಾಂಕ್ ಬೇರೆ ಬೇರೆ ಮಾಡಿ, ಪ್ರತಿಸಲ ಪಿಪೆಟ್ ಹಿಡಿದು ಓದಿಸು. ಲಿಮಿಟ್ ಎಲ್ಲಿಗೆ ಏರುತ್ತೆ ನೋಡು." ಶಾಮಣ್ಣನಿಗೆ ಈಗ ಹುರುಪು ಬಂದಿತ್ತು. "ಅದೂ ಹೋಗ್ಲಿ. ನೀರಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿದ್ರೆ ಬಟ್ಟೆಗೆ ಕಂದು ಕಲೆ ಹಿಡಿಯುತ್ತೆ. ಅದು ಸುಮಾರು 5,400 ನ್ಯಾನೋಮೋಲಾರ್. ಅಲ್ಲಿಗೆ ನನ್ನ ಬಿಳಿ ಪಂಚೆ ಸಾಕು. ಆಟೋಕ್ಲೇವ್ ಬೇಡ, ಯುವಿ ದೀಪ ಬೇಡ. ರೀಯೂಸಬಲ್ ಬೇರೆ."

"ಸೆಲೆಕ್ಟಿವಿಟಿ ಸ್ಟಡಿ?" ಬಸು ಕೇಳಿದ.

"ಹುಣಸೆ ಹಣ್ಣು, ಅರಿಶಿನ, ಎಲೆ ಅಡಿಕೆ ಇಂಟರ್‌ಫಿಯರ್ ಮಾಡ್ತವೆ. ಮದುವೆ ಮನೆಗೆ ಉಟ್ಕೊಂಡು ಹೋಗ್ಬಾರದು."

"ಪಂಚೀನೂ ನಂಬೂದು ಬ್ಯಾಡಂದ್ರ?"

"ಹೈಡ್ರಾಕ್ಸಿಲಮೈನ್ ಹಾಕಿ ಫೆರಸ್ ಮಾಡು, ಅಸಿಟೇಟ್ ಬಫರ್, ಒಂದಿಷ್ಟು ಫಿನಾಂಥ್ರೊಲಿನ್. ಕಿತ್ತಳೆ ಕೆಂಪು ಬರುತ್ತೆ, 510ರಲ್ಲಿ ಓದು. ಬಿಎಸ್ಸಿ ಹುಡುಗರೂ ಮಾಡ್ತಾರೆ. ಅದೇ ತೊಂದರೆ. ಬಿಎಸ್ಸಿ ಹುಡುಗರು ಮಾಡೋದನ್ನ ಪಿಎಚ್‌ಡಿ ಅನ್ನೋಕಾಗಲ್ಲ."

"ರಿಕವರಿ, ಅಂದ್ರೆ ಇದ್ದ ಕಬ್ಬಿಣದಲ್ಲಿ ಸಿಕ್ಕಿದ್ದು, ಎಷ್ಟು ಬಂತು?" ಗಿರಿಜಾ ಸೀನನನ್ನು ಕೇಳಿದಳು.

"98.9ರಿಂದ 101.2 ಪರ್ಸೆಂಟ್."

"ಒಂದು ಪಿಪಿಎಂ, ಹತ್ತು ಲಕ್ಷಕ್ಕೊಂದು ಭಾಗದ ಮಟ್ಟದಲ್ಲಿ ಲ್ಯಾಬಿಂದ ಲ್ಯಾಬಿಗೆ 16 ಪರ್ಸೆಂಟ್ ಹೆಚ್ಚುಕಡಿಮೆ ಸಹಜ ಅಂತ ಕೆಮಿಸ್ಟ್ ಹಾರ್ವಿಟ್ಜ್ ಲೆಕ್ಕ ಹಾಕಿಟ್ಟಿದಾರೆ. ಅದರ ಸಾವಿರದಲ್ಲೊಂದು ಪಾಲು, ಪಿಪಿಬಿಗೆ ಇಳಿದ್ರೆ 45. ನಿಂದು ಒಂದೇ ಪರ್ಸೆಂಟ್. ಯಾವ ನೀರು?"

"ಲ್ಯಾಬ್ ನಲ್ಲಿದು. ಫಿಲ್ಟರ್ ಮಾಡಿ, ನಾನೇ ಕಬ್ಬಿಣ ಹಾಕಿ..."

"ನೀನೇ ಬಚ್ಚಿಟ್ಟು ನೀನೇ ಹುಡುಕಿದೆ," ಅಂದ ಶಾಮಣ್ಣ. "ಅದರಲ್ಲೂ ಒಂದು ಪರ್ಸೆಂಟ್ ಕಳ್ಕೊಂಡೆ."

ಬಸು ಮೇಜು ಬಡಿದು ನಕ್ಕ. ಸೀನ ನಗಲಿಲ್ಲ. "ನೀವು ಹೇಳ್ತೀರಿ ಶಾಮಣ್ಣ. 2022ರಲ್ಲೇ ಯುಜಿಸಿ, ಪಿಎಚ್‌ಡಿಗೆ ಪೇಪರ್ ಪ್ರಕಟಿಸೋದು ಕಡ್ಡಾಯ ಅಲ್ಲ ಅಂತು. ಯುಜಿಸಿ ಬಿಟ್ರೂ ಗೈಡ್ ಬಿಡಬೇಕಲ್ಲ? ನಿಮ್ಮದೇ ನೋಡಿ, ಆರು ವರ್ಷ ಆಯ್ತು. ಫ್ಲೋರೈಡ್, ಫ್ಲೋರೈಡ್. ವೈವಾದಲ್ಲಿ ನಾವೆಲ್ಟಿ ಏನು ಅಂದ್ರೆ ಏನ್ ಹೇಳ್ತೀರ?"

ಶಾಮಣ್ಣ ಲೋಟ ಕೆಳಗಿಟ್ಟ.

"ಏನೂ ಇಲ್ಲ ಅಂತೀನಿ. ಫ್ಲೋರೈಡ್ ಅಳೆಯೋ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಬಂದಿದ್ದು 1966ರಲ್ಲಿ. ಅರ್ಧ ನೀರು, ಅರ್ಧ ಟಿಸ್ಯಾಬ್ ಅನ್ನೋ ಬಫರ್. ಅಲ್ಯೂಮಿನಿಯಂ, ಕಬ್ಬಿಣ ಹಿಡಿದಿಟ್ಟಿರೋ ಫ್ಲೋರೈಡನ್ನ ಅದು ಬಿಡಿಸುತ್ತೆ, ಪಿಎಚ್ ಐದೂವರೆ ಹತ್ರ ನಿಲ್ಲಿಸುತ್ತೆ. ಫ್ಲೋರೈಡ್ ಹತ್ತು ಪಟ್ಟಾದ್ರೆ 59 ಮಿಲಿವೋಲ್ಟ್ ಇಳೀಬೇಕು. 50ಕ್ಕೆ ಕುಸಿದ್ರೆ ಹರಳಿನ ಮೇಲೆ ಕೊಳೆ ಕೂತಿದೆ ಅಂತ. ಫ್ಲೋರೈಡ್ ಇರೋ ಟೂತ್‌ಪೇಸ್ಟ್ ಹಚ್ಚಿ ಉಜ್ಜಬೇಕು."

"ಹಲ್ಲಿನ ಪೇಸ್ಟ್?" ಬಸುವಿಗೆ ನಂಬಿಕೆ ಬರಲಿಲ್ಲ.

"ಹೂಂ. ಎಲೆಕ್ಟ್ರೋಡಿನ ಕೊಳೆ ಹೋಗುತ್ತೆ. ಪಾವಗಡದ ಕಡೆ ಮಕ್ಕಳ ಹಲ್ಲಿಗೆ ಫ್ಲೋರೈಡಿಂದ ಬಂದ ಕಂದು ಕಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಕುಡಿಯೋ ನೀರಲ್ಲಿ ಫ್ಲೋರೈಡಿಗೆ ಮಿತಿ ಲೀಟರಿಗೆ 1, ಬೇರೆ ದಾರಿ ಇಲ್ಲದಿದ್ರೆ 1.5 ಮಿಲಿಗ್ರಾಂ. ಬೋರ್‌ವೆಲ್ ಆಳಕ್ಕಿಳಿದಷ್ಟೂ ಬಂಡೆಯ ಫ್ಲೋರೈಡ್ ಮೇಲೆ ಬರುತ್ತೆ. ಅಲ್ಲಿಗೆ ಬಾಟಲಿ ಹಿಡ್ಕೊಂಡು ಹೋದ್ರೆ ಮುದುಕಿಯರು ಒಂದೇ ಮಾತು ಕೇಳೋದು: ಹೋದ ಸಲ ಬಂದೋರೂ ತುಂಬ್ಕೊಂಡು ಹೋದ್ರು, ಏನ್ ಬಂತು ಅಂತ ಹೇಳೋಕೆ ಯಾರೂ ಬರ್ಲಿಲ್ಲ ಕಣಪ್ಪಾ."

ಯಾರೂ ಮಾತಾಡಲಿಲ್ಲ. ಒಳಗೆ ಮಿಕ್ಸಿ ಗುರ್ರೆನ್ನುತ್ತಿತ್ತು.

"ಮತ್ತೆ ಯಾವಾಗ ಹೋಗ್ತೀರ?" ಅಂದ ಸೀನ.

"ಗುರುವಾರ. ಬೆಳಿಗ್ಗೆ ಆರರ ಬಸ್ಸು."

"ನನ್ನ ಹತ್ರ ಇಪ್ಪತ್ತು ರಿಯೇಜೆಂಟ್ ಬಾಟಲಿ ಇದಾವೆ. ತರ್ಲಾ?"

"ಗಾಜಾ?"

"ಹೂಂ."

"ಗಾಜು ಬೇಡ, ಫ್ಲೋರೈಡ್ ಗಾಜಿಗೆ ಅಂಟುತ್ತೆ. ಪಾಲಿಥೀನ್ ತಗೋ. ಆ ಬೋರ್‌ವೆಲ್ ನೀರಲ್ಲೇ ಮೂರು ಸಲ ಜಾಲಿಸಿ ಆಮೇಲೆ ತುಂಬಿಸ್ಬೇಕು."

ಸೀನ ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. ಬಸು ಒಂದು ಕಟ್ಟು ಕೊತ್ತಂಬರಿ ಎತ್ತಿಕೊಂಡು ಆಗಲೇ ಅಡುಗೆಮನೆ ಬಾಗಿಲಲ್ಲಿದ್ದ. "ಅಣ್ಣಾ, ಮಿಕ್ಸಿ ಬಂದ್ ಮಾಡಬ್ಯಾಡ್ರಿ!"