ಕುಡಿಯೋಕೆ ಕ್ಯಾನ್ ನೀರು, ಮುದ್ದೆಗೆ ಬೋರ್ ನೀರು

ಪ್ರಶ್ನೆ (ಪಾವಗಡ ತಾಲೂಕಿನ ಒಬ್ಬ ತಾಯಿ): ನಮಸ್ಕಾರ ಮೇಡಂ. ಮಗಳಿಗೆ 9 ವರ್ಷ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗಲೇ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇತ್ತು. ಈಗ ಕಂದು ಬಣ್ಣಕ್ಕೆ ತಿರುಗಿದೆ. ಶಾಲೆಯಲ್ಲಿ "ಹಲ್ಲು ಉಜ್ಜಲ್ವಾ" ಅಂತ ರೇಗಿಸುತ್ತಾರಂತೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. ದಿನಕ್ಕೆ ಎರಡು ಸಲ ನಾನೇ ನಿಂತು ಉಜ್ಜಿಸುತ್ತೇನೆ. ಮೊದಲು ಬೋರ್ ನೀರನ್ನು ಕುದಿಸಿ ಕೊಡುತ್ತಿದ್ದೆವು, ಎರಡು ವರ್ಷದಿಂದ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಿದ್ದೇವೆ. 4 ವರ್ಷದ ಮಗನೂ ಇದ್ದಾನೆ. ಅವನಿಗೂ ಹೀಗೇ ಆಗುತ್ತಾ?

ಉತ್ತರ (ದಂತವೈದ್ಯೆ): ಮೊದಲು ಮಗಳಿಗೆ ಹೇಳಿ, ಇದು ಉಜ್ಜದೆ ಬಂದ ಕಲೆ ಅಲ್ಲ. ನೀವು ಬರೆದಿದ್ದು ನೋಡಿದರೆ ಫ್ಲೋರೋಸಿಸ್ ಅನಿಸುತ್ತದೆ. ಒಮ್ಮೆ ಹಲ್ಲು ತೋರಿಸಿ ಖಚಿತ ಮಾಡಿಕೊಳ್ಳಿ. ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಬೋರ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣ ಜಾಸ್ತಿಯಾಗಿ ಅದರ ಮೇಲ್ಪದರವನ್ನು ಕೆಡಿಸಿರುತ್ತದೆ. ಅಂದರೆ ಇವತ್ತು ಕಾಣುವ ಕಲೆ ಅವಳು ಅಂಬೆಗಾಲಿಡುವ ಕಾಲದಲ್ಲಿ ಕುಡಿದ ನೀರಿನದು. ಬೂದಿ, ಇದ್ದಿಲು, ನಿಂಬೆಹಣ್ಣು ಹಾಕಿ ತಿಕ್ಕಬೇಡಿ, ಇರುವ ಪದರವೂ ಸವೆಯುತ್ತದೆ. ತೆಳು ಕಲೆಯನ್ನು ದಂತವೈದ್ಯರು ಮೇಲಿಂದ ಉಜ್ಜಿ ತೆಗೆಯಬಹುದು, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಲೇಪ ಹಾಕುತ್ತಾರೆ. ದಂತ ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ.

ಮಗನ ಮುಂದಿನ ಹಲ್ಲುಗಳು ಬಹುಪಾಲು ಒಳಗೆ ತಯಾರಾಗಿರುತ್ತವೆ. ಆದರೆ ಹಿಂದಿನ ಹಲ್ಲುಗಳ ಕೆಲಸ ಏಳೆಂಟು ವರ್ಷದ ತನಕ ನಡೆಯುತ್ತದೆ. ಕ್ಯಾನ್ ನೀರು ಶುರು ಮಾಡಿದ್ದು ಒಳ್ಳೆಯದೇ ಆಯಿತು. ಒಂದು ಮಾತು ಕೇಳಲಾ? ಅಡುಗೆಗೆ ಯಾವ ನೀರು?

ತಾಯಿ: ಬೋರ್ ನೀರೇ ಮೇಡಂ. ದಿನಕ್ಕೆ 20 ಲೀಟರಿನ ಒಂದು ಕ್ಯಾನ್ ತರೋದು, ಅದು ಕುಡಿಯೋಕೆ ಮಾತ್ರ. ಮುದ್ದೆ, ಅನ್ನ, ಸಾರು ಎಲ್ಲ ಬೋರ್ ನೀರಲ್ಲೇ. ಹೇಗೂ ಕುದಿಯುತ್ತಲ್ಲ ಅಂತ.

ಉತ್ತರ: ನಾನು ಹೋದ ಪ್ರತಿ ಹಳ್ಳಿಯಲ್ಲೂ ಇದೇ ಉತ್ತರ ಬರುತ್ತದೆ. ನಿಮ್ಮ ತಪ್ಪಲ್ಲ. ನೀರು ಕುದಿಸಿ ಕುಡಿಯಿರಿ ಅಂತ ಹೇಳಿ ಹೇಳಿ ಕಲಿಸಿದವರು ನಾವೇ. ಕುದಿಸಿದರೆ ಸಾಯುವುದು ಕ್ರಿಮಿ. ಫ್ಲೋರೈಡ್ ಉಪ್ಪಿನ ಜಾತಿಯದು. ಸಾರನ್ನು ಜಾಸ್ತಿ ಕುದಿಸಿದರೆ ಉಪ್ಪು ಹೆಚ್ಚಾಗುತ್ತದೆ ಅಲ್ವಾ? ಹಾಗೇ ಇದೂ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅದರಲ್ಲೂ ಮುದ್ದೆ ನೋಡಿ, ಎಸರಿನ ನೀರಷ್ಟನ್ನೂ ಹಿಟ್ಟು ಕುಡಿದುಬಿಡುತ್ತದೆ. ಚೆಲ್ಲುವುದು ಒಂದು ತೊಟ್ಟೂ ಇಲ್ಲ. ಕುಡಿಯುವ ನೀರಲ್ಲಿ ಬಿಟ್ಟಿದ್ದನ್ನು ತಟ್ಟೆಯಲ್ಲಿ ತಿನ್ನುತ್ತಿದ್ದೀರಿ.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಒಂದೇ ಕ್ಯಾನ್ ಸಾಧ್ಯ ಅಂದರೆ ಕುಡಿಯುವುದರ ಜೊತೆಗೆ ಎಸರಿಗೆ, ಬೇಳೆ ಬೇಯಿಸಲು, ಸಾರಿಗೆ ಅದೇ ಇರಲಿ. ಪಾತ್ರೆ, ಬಟ್ಟೆ, ಸ್ನಾನ, ತರಕಾರಿ ತೊಳೆಯಲು ಬೋರ್ ನೀರು ಧಾರಾಳವಾಗಿ ಬಳಸಿ. ಚರ್ಮದ ಮೂಲಕ ಇದು ಒಳಗೆ ಹೋಗುವುದಿಲ್ಲ.

ಬಾಗೇಪಲ್ಲಿಯ ಒಬ್ಬರು: ಮೇಡಂ, ನಾನು ಟಿಡಿಎಸ್ ಮೀಟರ್ ಇಟ್ಟುಕೊಂಡಿದ್ದೇನೆ. ನಮ್ಮ ಹೊಸ ಬೋರ್ 1,100 ಅಡಿ, ನೀರು ಸಿಹಿಯಾಗಿದೆ, ಟಿಡಿಎಸ್ ಕೂಡ ಕಡಿಮೆ. ಧೈರ್ಯವಾಗಿ ಕುಡಿಯಬಹುದಲ್ವಾ?

ಉತ್ತರ: ಆ ಮೀಟರ್ ನಂಬಿ ಕೆಟ್ಟವರು ಬಹಳ ಜನ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣದ ಒಟ್ಟು ಲೆಕ್ಕ ಹೇಳುತ್ತದೆ, ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲ ಅಂದರೆ 1.5ರ ತನಕ. ನೂರಾರು ಮಿಲಿಗ್ರಾಂ ಲವಣದ ನಡುವೆ ಇಷ್ಟು ಚಿಕ್ಕ ಅಂಕಿ ಮೀಟರಿನಲ್ಲಿ ಎಲ್ಲಿ ಕಾಣಬೇಕು? ರುಚಿ, ವಾಸನೆ, ಬಣ್ಣ ಯಾವುದೂ ಇದಕ್ಕಿಲ್ಲ. ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಇಳಿದಿರುತ್ತದೆ. ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಿನಲ್ಲಿ ಇದು ಇನ್ನೂ ಜಾಸ್ತಿ ಕರಗುತ್ತದೆ. ಹಾಗಾಗಿ ಸಿಹಿ ಅನ್ನೋದು ಸರ್ಟಿಫಿಕೇಟ್ ಅಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಬಣ್ಣ ಹೋಲಿಸಿ ನೋಡುವ ಕಿಟ್ ಇದೆಯಾ ವಿಚಾರಿಸಿ. ಇಲ್ಲದಿದ್ದರೆ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕಳಿಸಿ. ಘಟಕದ ನೀರನ್ನೂ ಆಗಾಗ ಹೀಗೇ ಪರೀಕ್ಷೆ ಮಾಡಿಸಿ. ಅಲ್ಲಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪರದೆ, ಹಳತಾದರೆ ಸೋಸುವುದು ಕಡಿಮೆಯಾಗುತ್ತದೆ.

ಮತ್ತೊಬ್ಬರು: ನಮ್ಮಪ್ಪನಿಗೆ 58. ಸೊಂಟ, ಕುತ್ತಿಗೆ ಬಿಗಿದುಕೊಂಡಿದೆ, ಕೂಗಿದರೆ ಮೈಯೆಲ್ಲ ತಿರುಗಿಸಿ ನೋಡುತ್ತಾರೆ. ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ಹುಣಸೆಹಣ್ಣು ತಿಂದರೆ ವಾಸಿಯಾಗುತ್ತೆ ಅಂತಾರೆ, ನಿಜವಾ?

ಉತ್ತರ: ವರ್ಷಗಟ್ಟಲೆ ಇಂಥ ನೀರು ಕುಡಿದರೆ ಫ್ಲೋರೈಡ್ ಮೂಳೆಗೂ ಸೇರಿ ಹೀಗೆ ಬಿಗಿಯಬಹುದು. ಮೂಳೆ ನನ್ನ ವಿಭಾಗ ಅಲ್ಲ, ಆದರೆ ಹಳ್ಳಿ ಶಿಬಿರಗಳಲ್ಲಿ ನಾವು ಮಾಡಿಸುವುದು ಇಷ್ಟು: ಗದ್ದ ಎದೆಗೆ ಮುಟ್ಟುತ್ತಾ, ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟುತ್ತಾರಾ, ಎರಡೂ ಕೈ ತಲೆಯ ಹಿಂದಕ್ಕೆ ಹೋಗುತ್ತಾ? ಆಗದಿದ್ದರೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಮಾಡಿಸಿ. ವಯಸ್ಸಿನ ಕೀಲುನೋವೂ ಹೀಗೇ ಇರುತ್ತದೆ, ಸುಮ್ನೆ ಎಲ್ಲವನ್ನೂ ಫ್ಲೋರೈಡ್ ತಲೆಗೆ ಕಟ್ಟುವುದು ಬೇಡ. ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಶುರುವಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ, ಬೆನ್ನುಹುರಿ ಒತ್ತಿಕೊಂಡಿರಬಹುದು. ಮಾತ್ರೆ ಸ್ವಂತ ನಿರ್ಧಾರದಲ್ಲಿ ಬೇಡ. ಫ್ಲೋರೈಡ್ ಹೊರಹಾಕುವುದು ಕಿಡ್ನಿ, ನೋವಿನ ಮಾತ್ರೆ ಅದನ್ನೇ ಕೆಡಿಸಬಹುದು.

ಹುಣಸೆಹಣ್ಣು ತಿಂದರೆ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಹೋಗುತ್ತದೆ ಅಂತ ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ನಮ್ಮ ಸೀಮೆಯಲ್ಲಿ ಹುಣಸೆ ಹಿಂಡದ ಸಾರು ಯಾರ ಮನೆಯಲ್ಲಿದೆ ಹೇಳಿ? ಆದರೂ ಕಾಯಿಲೆ ಇಲ್ಲೇ ಇದೆ. ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ ಚೆನ್ನಾಗಿ ತಿನ್ನಲಿ, ಬ್ಲ್ಯಾಕ್ ಟೀ, ಕಪ್ಪು ಉಪ್ಪು ಬಿಡಲಿ. ಬಿಗಿದ ಮೂಳೆ ಪೂರ್ತಿ ಸಡಿಲವಾಗುವುದಿಲ್ಲ. ನೀರು ಬದಲಾದರೆ ಮುಂದಕ್ಕೆ ಹೆಚ್ಚಾಗುವುದು ತಗ್ಗುತ್ತದೆ.

ತಾಯಿ: ಮೇಡಂ, ಇವತ್ತಿಂದ ಎರಡು ಕ್ಯಾನ್ ಶುರು ಮಾಡಿದೆವು. ಮುದ್ದೆ ರುಚಿ ಸಪ್ಪೆಯಾಯ್ತು ಅಂತ ನಮ್ಮತ್ತೆ ಗೊಣಗುತ್ತಿದ್ದಾರೆ.

ಉತ್ತರ: ನಾಲ್ಕು ದಿನಕ್ಕೆ ರೂಢಿಯಾಗುತ್ತದೆ, ಅಜ್ಜಿಗೆ ಹೇಳಿ. ಹಾಗೇ ನಾಳೆ ಮಗಳನ್ನು ಬಿಡಲು ಹೋದಾಗ ಶಾಲೆಯಲ್ಲಿ ಬಿಸಿಯೂಟಕ್ಕೆ ಯಾವ ನೀರು ಹಾಕುತ್ತಾರೆ ಅಂತ ಕೇಳಿಕೊಂಡು ಬನ್ನಿ. ಮಗನ ಅಂಗನವಾಡಿಯಲ್ಲೂ.