ಮೆಟ್ರೋ ಗೇಟಿನ ಮುಂದೆ ಕ್ಯಾಬ್ ಎಲ್ಲಿ ನಿಲ್ಲಬೇಕು?

ಹಲಸೂರಿನವ: ಸಂಜೆ ಹೊತ್ತು ಇಂದಿರಾನಗರ ಮೆಟ್ರೋ ಸ್ಟೇಷನ್ ಹೊರಗೆ ಸಿಎಂಎಚ್ ರಸ್ತೆ ನೋಡಿದ್ದೀರಾ? ಒಂದು ಕ್ಯಾಬ್ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ನಿಂತರೆ ಸಾಕು, ಹಿಂದೆ ಒಂದು ಆಟೋ, ಪಕ್ಕದಲ್ಲಿ ಇನ್ನೊಂದು ಕ್ಯಾಬ್. ಬಸ್ಸು ಪಕ್ಕಕ್ಕೆ ಬರೋಕಾಗದೆ ನಡುರಸ್ತೆಯಲ್ಲೇ ಜನರನ್ನು ಇಳಿಸುತ್ತದೆ. ದಂಡ ಹಾಕಿದರೆ ಸರಿಹೋಗುತ್ತಾ, ಇಲ್ಲ ಇವರಿಗೆ ಅಂತಲೇ ಜಾಗ ಗುರುತು ಮಾಡಬೇಕಾ?

ಹಳದಿ ಬೋರ್ಡು: ನಾನು ಕ್ಯಾಬ್ ಓಡಿಸುವವನು. ಅಲ್ಲಿ ನಿಲ್ಲೋಕೆ ನಮಗೇನು ಆಸೆನಾ ಸರ್? ಕಸ್ಟಮರ್ ಹತ್ತುವ ಜಾಗ ಅಂತ ಆ್ಯಪ್ ತೋರಿಸುವ ಪಿನ್ ಗೇಟಿನ ಮುಂದೆಯೇ ಬಿದ್ದಿರುತ್ತದೆ. ಬಂದು ಫೋನ್ ಮಾಡಿದರೆ ಕಸ್ಟಮರ್ ಇನ್ನೂ ಎಸ್ಕಲೇಟರ್ ಮೇಲೆ, "ಎರಡೇ ನಿಮಿಷ ಅಣ್ಣ" ಅಂತಾರೆ. ಮುಂದೆ ಹೋದರೆ ಯೂ ಟರ್ನ್ ಹುಡುಕಿ ಸುತ್ತಿ ಬರುವಷ್ಟರಲ್ಲಿ ಬುಕಿಂಗ್ ಕ್ಯಾನ್ಸಲ್. ನಿಂತರೆ ಪೊಲೀಸರು ಫೋಟೋ ಹೊಡೆಯುತ್ತಾರೆ. ಆ ದಂಡ ಕಟ್ಟೋದು ಆ್ಯಪ್ ಕಂಪನಿಯಲ್ಲ, ನಾವು.

ನಕ್ಷೆ ಹುಚ್ಚ: ಇವರು ಹೇಳಿದ್ದೇ ಸರಿ. ರಸ್ತೆ ಮೇಲೆ ಬಣ್ಣ ಬಳಿದು ಬೋರ್ಡ್ ಹಾಕಿದರೆ ಸಾಲದು, ಆ್ಯಪ್‌ನಲ್ಲಿ ಪಿನ್ ಕೂಡ ಅದೇ ಜಾಗಕ್ಕೆ ಬೀಳಬೇಕು, ಬೇರೆ ಕಡೆ ಬುಕ್ ಮಾಡೋಕೇ ಆಗಬಾರದು. ನಮ್ಮ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕ್ಯಾಬ್ ಹತ್ತೋಕೆ ಗೊತ್ತಾದ ಜಾಗ ಇದೆ, ಜನ ಬ್ಯಾಗ್ ಎಳೆದುಕೊಂಡು ಅಲ್ಲಿಗೇ ನಡೆಯುತ್ತಾರಲ್ವಾ? ಅಮೆರಿಕದ ವಾಷಿಂಗ್ಟನ್‌ನಲ್ಲಿ 2017ರಲ್ಲಿ ಡುಪಾಂಟ್ ಸರ್ಕಲ್ ಹತ್ತಿರ ಇನ್ನೊಂದು ದಾರಿ ಹಿಡಿದರು. ಬಾರು, ಹೋಟೆಲು ತುಂಬುವ ವಾರಾಂತ್ಯದ ರಾತ್ರಿಗಳಲ್ಲಿ ಪಾರ್ಕಿಂಗ್ ಬಂದ್, ಆ ಜಾಗ ಹತ್ತೋಕೆ ಇಳಿಯೋಕೆ ಮಾತ್ರ. ಉಳಿದ ಹೊತ್ತು ಮಾಮೂಲಿ ಪಾರ್ಕಿಂಗ್. ಸಿಎಂಎಚ್ ರಸ್ತೆಯ ಯಾವುದಾದರೂ ಕ್ರಾಸ್‌ನ ಬಾಯಿ ಬಿಟ್ಟು ಸ್ವಲ್ಪ ಒಳಗೆ ಎರಡು ಕಾರಿನ ಜಾಗ ತೆಗೆದರೂ ಆಯಿತು. ಒಂದು ಕಾರು ಮೂರು ಗಂಟೆ ನಿಲ್ಲುವ ಜಾಗದಲ್ಲಿ ಎರಡೆರಡು ನಿಮಿಷದ ಲೆಕ್ಕಕ್ಕೆ 90 ಕ್ಯಾಬ್ ಬಂದು ಹೋಗಬಹುದು. ಅದರಲ್ಲಿ ಅರ್ಧ ಆದರೂ ಲಾಭವೇ.

ಅಂಗಡಿ ಮಾಲೀಕ: ಲಾಭ ಯಾರಿಗೆ ಸ್ವಾಮಿ? ಪಾರ್ಕಿಂಗ್ ಹೋದರೆ ನಮ್ಮ ಗಿರಾಕಿ ಎಲ್ಲಿಗೆ ಬರಬೇಕು? ಅದೂ ಅಲ್ದೆ ಬುಕಿಂಗೇ ಇಲ್ಲದೆ ಸೀಟು ಹಿಂದಕ್ಕೆ ಬಾಗಿಸಿ ಮಲಗಿರುವ ಗಾಡಿಗಳೇ ಜಾಸ್ತಿ. ಎರಡು ನಿಮಿಷದ ಜಾಗದಲ್ಲಿ ಅವರೂ ಬಂದು ಮಲಗಿದರೆ ಎಬ್ಬಿಸೋರು ಯಾರು?

ನಕ್ಷೆ ಹುಚ್ಚ: ಮೊದಲು ನಿಮ್ಮ ಸಾಲಿನ ಅಂಗಡಿಯವರದೇ ಗಾಡಿಗಳು ಬೆಳಿಗ್ಗೆಯಿಂದ ರಾತ್ರಿವರೆಗೆ ಅಲ್ಲೇ ನಿಂತಿರುತ್ತವಾ ನೋಡಿ ಸಾರ್, ಬೇಜಾರು ಮಾಡ್ಕೋಬೇಡಿ. ಮಲಗುವವರ ಮಾತು ಮಾತ್ರ ನಿಜ. ಅಲ್ಲಿ ಒಬ್ಬ ವಾರ್ಡನ್ ನಿಲ್ಲಲೇಬೇಕು.

ಹಳದಿ ಬೋರ್ಡು: ವಾರ್ಡನ್ ಎಬ್ಬಿಸಲಿ, ಆಮೇಲೆ ಎಲ್ಲಿಗೆ ಹೋಗೋದು? ಮುಂದಿನ ಬುಕಿಂಗ್ ಬರುವ ತನಕ ಸುಮ್ನೆ ಸುತ್ತುತ್ತಾ ಇದ್ದರೆ ಗ್ಯಾಸ್ ದುಡ್ಡು ನಮ್ಮದೇ. ಕಾಯೋಕೆ ಬೇರೆ ಒಂದು ಜಾಗ ಕೊಡಿ, ಸ್ವಲ್ಪ ದೂರ ಆದರೂ ಪರವಾಗಿಲ್ಲ, ಟಾಯ್ಲೆಟ್ ಇರಲಿ. ಗೇಟ್ ಮುಂದೆ ನಿಲ್ಲಲ್ಲ.